ಚೀಲದ ಮೇಲೆ ಬರೆದದ್ದೇ ಒಳಗಿರಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಹುಟ್ಟಿ ಓದಿ, ಈಗ ಬೆಂಗಳೂರು, ಹೈದರಾಬಾದ್, ಪುಣೆಯ ಗೇಮಿಂಗ್ ಕಂಪನಿಗಳಲ್ಲಿ ವರ್ಚುವಲ್ ಲೋಕಗಳನ್ನು ಕಟ್ಟುತ್ತಿರುವ ತಮ್ಮಂದಿರೇ, ತಂಗಿಯರೇ,

ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮಲ್ಲಿ ಕೆಲವರು ಕೇಳುತ್ತೀರಿ: "ಕಾಕಾ, ಲೋಕ ಕಟ್ಟೋದು ನಮಗ ಬರ್ತದ. ಅದನ್ನ ಮಂದಿಗೆ ಹೇಳೋದು ಹ್ಯಾಂಗ?" ನೌಕರಿಯ ಕಾಲವನ್ನೆಲ್ಲ ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕಳೆದವನನ್ನು ಈ ಮಾತು ಕೇಳುವುದೇ ಎಂದು ನಿಮ್ಮ ಕಂಪನಿಯವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಕಡೆಯ ಸಿಮೆಂಟ್ ಚೀಲವನ್ನು ಒಮ್ಮೆ ತಿರುಗಿಸಿ ನೋಡಿ. ಯಾವ ಗ್ರೇಡು, ತೂಕ 50 ಕೆಜಿ, ಯಾವ ವಾರ ತಯಾರಾದದ್ದು, ಗರಿಷ್ಠ ಬೆಲೆ ಎಷ್ಟು, ಎಲ್ಲವೂ ಬಿಐಎಸ್ ಗುರುತಿನ ಜೊತೆಗೆ ಅಚ್ಚಾಗಿರುತ್ತದೆ. ಮೇಸ್ತ್ರಿ ಚೀಲ ಬಿಚ್ಚುವ ಮೊದಲೇ ತನಗೆ ಬೇಕಾದದ್ದನ್ನು ತಿಳಿದಿರುತ್ತಾನೆ. ತಯಾರಾದ ವಾರವನ್ನೂ ಬರೆಯುತ್ತಾರೆ, ಏಕೆಂದರೆ ಸಿಮೆಂಟ್ ಬಹಳ ದಿನ ಕೂತರೆ ಕಸುವು ಕಳೆದುಕೊಳ್ಳುತ್ತದೆ. ತನ್ನ ಮಾಲಿನ ಕೊರತೆ ಯಾವಾಗ ಶುರುವಾಗುತ್ತದೆ ಎಂಬುದನ್ನೂ ಕೊಳ್ಳುವವನಿಗೆ ಮೊದಲೇ ಹೇಳುವ ವ್ಯವಸ್ಥೆ ಅದು.

ನೀವು ಮಾರುತ್ತಿರುವುದು ಒಂದು ಲೋಕವನ್ನು. ಮಂದಿ ಅದರೊಳಗೆ ಗಂಟೆಗಟ್ಟಲೆ ಇರುತ್ತಾರೆ, ಗೆಳೆತನ ಮಾಡುತ್ತಾರೆ, ರೊಕ್ಕ ಖರ್ಚು ಮಾಡುತ್ತಾರೆ. ಅಂಥದ್ದರ ಪ್ರಚಾರ ಸಿಮೆಂಟ್ ಚೀಲಕ್ಕಿಂತ ಕಡಿಮೆ ಹೇಳಬಾರದು ಎಂಬುದೇ ನನ್ನ ಮಾತು. ಇವತ್ತು ಒಳಗೆ ಏನಿದೆ, ಅದಕ್ಕೆ ಎಷ್ಟು ಹೊತ್ತು ಬೇಕು, ಎಷ್ಟು ರೊಕ್ಕ ಹೋಗುತ್ತದೆ, ಯಾವ ಮಾಹಿತಿ ಕೊಡಬೇಕು, ಸಾಕಾದಾಗ ಹೊರಗೆ ಬರುವುದು ಹೇಗೆ. ಇಷ್ಟನ್ನು ಹೇಳಿ, ಆಮೇಲೆ ಬೇಕಾದಷ್ಟು ಬಣ್ಣ ಬಳಿಯಿರಿ.

"ಇವತ್ತು ಏನಿದೆ" ಎಂದು ಯಾಕೆ ಒತ್ತಿ ಹೇಳಿದೆ ಎಂಬುದಕ್ಕೆ ದೊಡ್ಡ ಉದಾಹರಣೆ ನಿಮ್ಮ ಕಣ್ಣೆದುರಿಗೇ ನಡೆದಿದೆ. 2021ರ ಅಕ್ಟೋಬರ್ 28ರಂದು ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ಸಭೆ, ಕಚೇರಿ, ಗೆಳೆಯರ ಕೂಟ, ವ್ಯಾಪಾರ ಎಲ್ಲವೂ ಇನ್ನು ಮುಂದೆ ಮೆಟಾವರ್ಸ್‌ನಲ್ಲಿ ಎಂದು ಮಾರ್ಕ್ ಝುಕರ್‌ಬರ್ಗ್ ಗಂಟೆಗೂ ಮಿಕ್ಕಿ ವಿವರಿಸಿದರು. ಅಂದು ಪರದೆಯ ಮೇಲೆ ಕಂಡದ್ದರಲ್ಲಿ ಬಹುಪಾಲು ಇನ್ನೂ ಕಟ್ಟಿಯೇ ಇರಲಿಲ್ಲ. ಅವರ ಹೊರೈಜನ್ ವರ್ಲ್ಡ್ಸ್ ಎಂಬ ಲೋಕಕ್ಕೆ ಹೋದವರಿಗೆ ಕಂಡದ್ದು ಸೊಂಟದಿಂದ ಕೆಳಗೆ ಏನೂ ಇಲ್ಲದೆ ಗಾಳಿಯಲ್ಲಿ ತೇಲುವ ಗೊಂಬೆಗಳು. 2022ರ ಆಗಸ್ಟ್‌ನಲ್ಲಿ ಐಫೆಲ್ ಗೋಪುರದ ಮುಂದೆ ನಿಂತ ತನ್ನ ಗೊಂಬೆಯ ಚಿತ್ರವನ್ನು ಝುಕರ್‌ಬರ್ಗ್ ಹಾಕಿದಾಗ ಜಗತ್ತೇ ನಕ್ಕಿತು. ಅಕ್ಟೋಬರ್‌ನಲ್ಲಿ, ಇಗೋ ಕಾಲು ಬರುತ್ತಿವೆ ಎಂದು ವಿಡಿಯೋ ತೋರಿಸಿದರು. ಆ ವಿಡಿಯೋದ ದೃಶ್ಯ ಮೋಷನ್ ಕ್ಯಾಪ್ಚರ್‌ನಿಂದ ಮಾಡಿದ ಆನಿಮೇಶನ್ ಎಂದು ಕೊನೆಗೆ ಕಂಪನಿಯೇ ಹೇಳಬೇಕಾಯಿತು. ಆ ಒಂದೇ ವರ್ಷ ಅವರ ರಿಯಾಲಿಟಿ ಲ್ಯಾಬ್ಸ್ ವಿಭಾಗ ತೋರಿಸಿದ ನಷ್ಟ ಸುಮಾರು 1,370 ಕೋಟಿ ಡಾಲರ್.

ಅವರಿಗೆ ಬುದ್ಧಿಯ ಕೊರತೆ ಇರಲಿಲ್ಲ, ದುಡ್ಡಿನ ಕೊರತೆಯಂತೂ ಇರಲೇ ಇಲ್ಲ. ಹತ್ತು ವರ್ಷ ಮುಂದಿನದನ್ನು ಇವತ್ತಿನದು ಎಂಬಂತೆ ತೋರಿಸಿದ್ದೇ ಮುಳುವಾಯಿತು. ಕಾಲಿಲ್ಲದ ಗೊಂಬೆಯನ್ನೇ ಮುಂದಿಟ್ಟು, "ಸದ್ಯ ಇಷ್ಟು ಮಾಡಿದ್ದೇವೆ, ಇದರಲ್ಲಿ ಸ್ನೇಹಿತರ ಜೊತೆ ಕೂತು ಮಾತಾಡಬಹುದು, ಆಟ ಆಡಬಹುದು" ಎಂದಿದ್ದರೆ ಯಾರೂ ನಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಇಂಗ್ಲೆಂಡಿನ ಹೆಲೋ ಗೇಮ್ಸ್ ಎಂಬ ಚಿಕ್ಕ ತಂಡ 2016ರಲ್ಲಿ 'ನೋ ಮ್ಯಾನ್ಸ್ ಸ್ಕೈ' ಎಂಬ ಆಟ ಬಿಟ್ಟಾಗಲೂ ಇಂಥದ್ದೇ ಆಯಿತು. ಲೆಕ್ಕವಿಲ್ಲದಷ್ಟು ಗ್ರಹಗಳ ಬ್ರಹ್ಮಾಂಡ ಎಂದು ಸಂದರ್ಶನಗಳಲ್ಲಿ ಹೇಳಿದ್ದಕ್ಕೂ ಕೈಗೆ ಬಂದದ್ದಕ್ಕೂ ಅಂತರ ಕಂಡ ಆಟಗಾರರು ಸಿಟ್ಟಾದರು. ದೂರು ಅಲ್ಲಿನ ಜಾಹೀರಾತು ಮಾನದಂಡ ಸಂಸ್ಥೆಯವರೆಗೆ ಹೋಯಿತು. ಸಂಸ್ಥೆ ಜಾಹೀರಾತಿನಲ್ಲಿ ತಪ್ಪಿಲ್ಲ ಎಂದಿತು, ಆದರೂ ಹೆಸರು ಕೆಟ್ಟದ್ದು ಕೆಟ್ಟಿತ್ತು. ಆ ತಂಡ ಮಾಡಿದ ಮುಂದಿನ ಕೆಲಸ ನನಗೆ ಬಹಳ ಹಿಡಿಸಿತು. ಮಾತು ನಿಲ್ಲಿಸಿ, ವರ್ಷಗಟ್ಟಲೆ ಬಿಟ್ಟಿಯಾಗಿ ಹೊಸ ಹೊಸ ಅಪ್‌ಡೇಟ್ ಕೊಡುತ್ತಾ ಹೋದರು. ಮಾಡಿ ಮುಗಿಸಿದ ಮೇಲಷ್ಟೇ ಹೇಳತೊಡಗಿದರು. ಬಿಟ್ಟುಹೋದವರು ಮರಳಿ ಬಂದರು.

ಸ್ವೀಡನ್ನಿನ ಮೈನ್‌ಕ್ರಾಫ್ಟ್ ಮೊದಲಿನಿಂದಲೇ ಸರಿದಾರಿ ಹಿಡಿದಿತ್ತು. 2009ರಲ್ಲಿ ಅದನ್ನು ಮಾರಾಟಕ್ಕಿಟ್ಟಾಗ ಅದು ಅರೆಬರೆ ಆಟ, ಹಾಗೆಂದೇ ಹೇಳಿ, ಕಡಿಮೆ ಬೆಲೆಗೆ ಮಾರಿದರು. ಆಡಿದ ಹುಡುಗರು ತಾವು ಕಟ್ಟಿದ ಮನೆ, ಕೋಟೆಗಳ ವಿಡಿಯೋ ಹಾಕಿದರು, ಅದನ್ನು ನೋಡಿ ಇನ್ನಷ್ಟು ಹುಡುಗರು ಬಂದರು. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡದ್ದು 250 ಕೋಟಿ ಡಾಲರಿಗೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಸ್ವಯಂಸೇವಕರು ಅನುವಾದ ಮಾಡಿ ಸೇರಿಸಿದ್ದು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಕಟ್ಟಡ ತೋರಿಸಿದರೆ ಮಂದಿ ಬರುವುದಿಲ್ಲ, ಮಂದಿ ಇದ್ದಲ್ಲಿಗೆ ಮಂದಿ ಬರುತ್ತಾರೆ. 2003ರಲ್ಲಿ ಶುರುವಾದ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದಲ್ಲಿ 2006, 2007ರ ಹೊತ್ತಿಗೆ ದೊಡ್ಡ ದೊಡ್ಡ ಕಂಪನಿಗಳು ಅಂಗಡಿ ತೆರೆದವು, ಸ್ವೀಡನ್ ದೇಶ ತನ್ನ ರಾಯಭಾರ ಕಚೇರಿಯನ್ನೇ ಕಟ್ಟಿತು. ಪತ್ರಿಕೆಗಳಲ್ಲಿ ಸುದ್ದಿ ಬಂದದ್ದಷ್ಟೇ ಲಾಭ, ಬಹಳ ಅಂಗಡಿಗಳು ಖಾಲಿ ಬಿದ್ದವು. ಆದರೆ ಆ ಲೋಕ ಮಾತ್ರ ಇವತ್ತಿಗೂ ನಡೆಯುತ್ತಿದೆ. ನಡೆಸುತ್ತಿರುವವರು ಅಲ್ಲಿ ಹಾಡಲು, ಕುಣಿಯಲು, ಹರಟಲು ಹೋಗುವ ಜನ. ನಡೆಯಲಾರದವರು, ಮನೆಯಿಂದ ಹೊರಬೀಳಲಾರದವರು ಅಲ್ಲಿ ತಮ್ಮದೇ ಸಮುದಾಯ ಕಟ್ಟಿಕೊಂಡಿದ್ದಾರೆ.

ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಹುಡುಗನ ಕಥೆಯನ್ನು ನೀವು ಕೇಳಿರಬಹುದು. 2024ರಲ್ಲಿ ಸಾಕ್ಷ್ಯಚಿತ್ರವಾಗಿ ಬಂದಿದೆ. ಅವನಿಗಿದ್ದದ್ದು ಡುಶೆನ್ ಸ್ನಾಯುಕ್ಷಯ. ವರ್ಷದಿಂದ ವರ್ಷಕ್ಕೆ ದೇಹದ ಬಲ ಸೋರಿಹೋಗುವ ಕಾಯಿಲೆ. ಗಾಲಿಕುರ್ಚಿಯಲ್ಲಿ ಕೂತು, ಬೆರಳುಗಳಲ್ಲಿ ಉಳಿದಿದ್ದ ಶಕ್ತಿಯಿಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ. ಆ ಲೋಕದಲ್ಲಿ ಅವನ ಹೆಸರು ಇಬೆಲಿನ್. 2014ರಲ್ಲಿ 25ನೇ ವಯಸ್ಸಿಗೆ ಅವನು ತೀರಿಕೊಂಡ. ಮಗ ಒಂಟಿಯಾಗಿ ಬದುಕಿ ಹೋದ ಎಂದೇ ತಂದೆತಾಯಿ ನೊಂದಿದ್ದರು. ಅವನ ಬ್ಲಾಗಿನಲ್ಲಿ ತಂದೆ ಸಾವಿನ ಸುದ್ದಿ ಬರೆದ ಮೇಲೆ ಊರೂರುಗಳಿಂದ, ದೇಶದೇಶಗಳಿಂದ ಇಮೇಲ್ ಬರತೊಡಗಿದವು. ಇಬೆಲಿನ್ ನನ್ನ ಕಷ್ಟ ಕೇಳಿದ, ಇಬೆಲಿನ್ ನನ್ನ ಮಗನ ಜೊತೆ ಮಾತಾಡುವ ದಾರಿ ಹೇಳಿಕೊಟ್ಟ, ಇಬೆಲಿನ್ ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ ಎಂಬಂಥ ಪತ್ರಗಳು. ಆಟದ ಗೆಳೆಯರಲ್ಲಿ ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೇ ಬಂದರು.

ಆ ತಂದೆತಾಯಿ ಒಂದೇ ಮನೆಯಲ್ಲಿದ್ದುಕೊಂಡು ಮಗನ ಬದುಕಿನ ಅರ್ಧ ಭಾಗವನ್ನು ಕಾಣಲಿಲ್ಲ. ಅವರ ತಪ್ಪು ಅಂತ ನಾನು ಹೇಳಲಾರೆ. ಆ ಆಟದ ಡಬ್ಬಿಯ ಮೇಲೆ ಕತ್ತಿ, ರಾಕ್ಷಸ, ಯುದ್ಧ ಇದ್ದವು. ಇಲ್ಲಿ ನಿಮ್ಮ ಮಗ ಇನ್ನೊಬ್ಬರ ದುಃಖ ಕೇಳುತ್ತಾನೆ, ಗೆಳೆಯರನ್ನು ಸಂಪಾದಿಸುತ್ತಾನೆ ಎಂದು ಅವರಿಗೆ ಯಾರು ಹೇಳಿದ್ದರು? ವರ್ಚುವಲ್ ಲೋಕಗಳ ಪ್ರಚಾರದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು. ಹದಿನೆಂಟರ ಹುಡುಗನನ್ನು ಒಳಗೆ ಕರೆಯಲು ಕೋಟಿಗಟ್ಟಲೆ ಸುರಿಯುತ್ತಾರೆ, ಅವನ ಹಿಂದೆ ಬಾಗಿಲಲ್ಲಿ ನಿಂತ ಅವ್ವನಿಗೆ ಒಂದು ಮಾತೂ ಹೇಳುವುದಿಲ್ಲ. ಅವಳ ಕೈಯಲ್ಲಿ ಉಳಿಯುವುದು ಟಿವಿಯಲ್ಲಿ ಬಂದ ಹೆದರಿಕೆಯ ಸುದ್ದಿ ಮಾತ್ರ.

ಚಿಂಚೋಳಿ ತಾಲ್ಲೂಕಿನ ತಾಂಡಾಗಳನ್ನು ನೆನೆಯಿರಿ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಹಾಗೆ ಉಳಿದ ಹುಡುಗ ಅಪ್ಪನ ಜೊತೆ ರಾತ್ರಿ ಅರ್ಧ ತಾಸು ಒಂದು ಆಟದಲ್ಲಿ ಕೂಡಿ ಮನೆ ಕಟ್ಟಬಹುದು ಎಂದಾದರೆ, ಆ ಮಾತನ್ನು ಹೇಳಿ. ಅದು ನಿಜಕ್ಕೂ ಸಾಧ್ಯವೋ, ಆ ಮನೆಯಲ್ಲಿರುವ ಹಳೆಯ ಫೋನಿನಲ್ಲಿ ನಡೆಯುತ್ತದೋ, ತಾಂಡಾದಲ್ಲಿ ನೆಟ್‌ವರ್ಕ್ ಸಿಗುತ್ತದೋ ಎಂದು ಮೊದಲು ನೋಡಿಕೊಂಡು ಹೇಳಿ. ಮ್ಯಾಟ್ಸ್‌ನಂಥವರ ಕಥೆಯನ್ನು ಮಾತ್ರ ಜಾಹೀರಾತಿಗೆ ಎಳೆಯಬೇಡಿ. ಕಣ್ಣೀರು ತರಿಸಿ ಡೌನ್‌ಲೋಡ್ ಹೆಚ್ಚಿಸುವ ಕೆಲಸ ನಮ್ಮ ಕಡೆಯ ಮಕ್ಕಳಿಂದ ಆಗಬಾರದು.

ಇನ್ನು ರೊಕ್ಕದ ಮಾತು. ಇದರಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಹಣ ಪಣಕ್ಕಿಡಿಸುವ ಆಟವನ್ನು ಕೌಶಲದ ಆಟ, ಮನರಂಜನೆ ಎಂದು ಕರೆದು ಪ್ರಚಾರ ಮಾಡುವ ಕೆಲಸ ಬಂದರೆ ಆ ನೌಕರಿಯನ್ನೇ ಬಿಡಿ. ನಮ್ಮ ರಾಜ್ಯ 2021ರಲ್ಲಿ ಇದರ ಮೇಲೆ ಕಾನೂನು ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. ಅದರ ಪ್ರಕಾರ ಹಣದ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೂ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಪ್ರಚಾರ ಮಾಡುವವನ ಹೊಣೆಯನ್ನು ಕಾನೂನೇ ಬೇರೆಯಾಗಿ ಗುರುತಿಸಿದೆ ಎಂಬುದನ್ನು ಗಮನಿಸಿ. "ನಾನು ಬರೀ ಪೋಸ್ಟರ್ ಮಾಡಿದೆ" ಎನ್ನುವ ಕಾಲ ಹೋಯಿತು.

ಪಣವಿಲ್ಲದ ಆಟಗಳಲ್ಲೂ ರೊಕ್ಕ ಹೋಗುವ ದಾರಿಗಳಿವೆ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬಿಟ್ಟಿ ಎಂದು ಕರೆದು, ಒಳಗೆ ಬಂದ ಮೇಲೆ ಬಟ್ಟೆ, ಬಂದೂಕು, ಕುಣಿತ ಎಂದು ಮಾರುವುದು. ಫೋರ್ಟ್‌ನೈಟ್ ಮಾಡಿದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ 52 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 24.5 ಕೋಟಿ, ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ ಬೇಡದ ಖರೀದಿ ಮಾಡಿಸಿದ ಆರೋಪಕ್ಕೆ ಗ್ರಾಹಕರಿಗೆ ವಾಪಸ್ ಕೊಡಲು. ಉಳಿದದ್ದು ಮಕ್ಕಳ ಖಾಸಗಿತನದ ಕಾನೂನು ಮುರಿದ ಆರೋಪಕ್ಕೆ. ನಮ್ಮ ದೇಶದಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಅದೇ ವರ್ಷ ಆಗಸ್ಟ್‌ನ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಮಕ್ಕಳ ಚಲನವಲನದ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಕಾನೂನಿನ ಭಯಕ್ಕಾಗಿ ಇದನ್ನೆಲ್ಲ ಹೇಳುತ್ತಿಲ್ಲ. ಏಳನೇ ಈಯತ್ತೆಯ ಹುಡುಗ ಅಪ್ಪನ ಫೋನ್‌ಪೇ ಪಿನ್ ನೋಡಿಟ್ಟುಕೊಂಡು ಆಟದೊಳಗಿನ ಡೈಮಂಡ್ ಕೊಂಡ ಎಂಬಂಥ ಜಗಳ ನಮ್ಮ ಓಣಿಗಳಲ್ಲಿ ನಡೆಯುತ್ತದೆ. ಆ ಅಪ್ಪನ ತಿಂಗಳ ಪಗಾರ ಎಷ್ಟು ಎಂದು ನಿಮಗೆ ಗೊತ್ತಿದೆ, ಕ್ಯಾಲಿಫೋರ್ನಿಯಾದಲ್ಲಿ ಬೆಲೆ ಗೊತ್ತುಮಾಡುವವನಿಗೆ ಗೊತ್ತಿಲ್ಲ.

ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಗಿ, 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಆಟ, 7,000 ರೂಪಾಯಿ ಖರ್ಚಿನ ಮಿತಿ, ಪೋಷಕರ ಫೋನ್ ನಂಬರ್ ಎಂಬ ನಿಯಮಗಳಿದ್ದವು. ಮಿತಿ ಇದ್ದದ್ದು ಒಳ್ಳೆಯದು. ಆದರೆ ದಿನಕ್ಕೆ 7,000 ಎಂಬುದು ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವನ ಮನೆಗೆ ಮಿತಿಯೇ ಅಲ್ಲ. ನಿಮ್ಮ ಲೋಕದ ಪೋಸ್ಟರಿನಲ್ಲಿ ನಾಯಕನ ಮುಖದಷ್ಟೇ ದೊಡ್ಡದಾಗಿ ಹೀಗೆ ಬರೆಯಿರಿ: ಒಂದು ಪಂದ್ಯಕ್ಕೆ ಇಷ್ಟು ನಿಮಿಷ, ತಿಂಗಳಿಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡಲು ಬಿಡುವುದಿಲ್ಲ, ಖಾತೆ ಅಳಿಸುವ ಗುಂಡಿ ಇಲ್ಲಿದೆ. ನಿಮ್ಮ ಮ್ಯಾನೇಜರ್ ಒಪ್ಪಲಿಕ್ಕಿಲ್ಲ. ಒಮ್ಮೆಯಾದರೂ ಮೀಟಿಂಗಿನಲ್ಲಿ ಎತ್ತಿ ನೋಡಿ.

ವಾಡಿ ಜಂಕ್ಷನ್ ಬಳಿಯ ಮನೆಯೊಂದರ ತಾಯಿ ಕೇಳುವುದು ಮೂರೇ ಪ್ರಶ್ನೆ. "ಅದರಾಗ ಏನದ? ರೊಕ್ಕ ಎಷ್ಟ ಹೋಗ್ತದ? ನನ್ನ ಮಗ ಯಾರ ಜೋಡಿ ಮಾತಾಡ್ತಾನ?" ಈ ಮೂರಕ್ಕೆ ಅವಳ ಭಾಷೆಯಲ್ಲಿ ಒಂದು ನಿಮಿಷದ ಉತ್ತರ ಕೊಡುವ ವಿಡಿಯೋ ಮಾಡಿದರೆ, ಕ್ರಿಕೆಟ್ ಆಟಗಾರನಿಗೆ ಕೊಡುವ ಕೋಟಿ ರೂಪಾಯಿಗಿಂತ ಹೆಚ್ಚಿನ ಕೆಲಸ ಅದು ಮಾಡುತ್ತದೆ. ಮೂರನೇ ಪ್ರಶ್ನೆಗೆ ಉತ್ತರಿಸುವಾಗ ಮಗ್ಗುಲು ತಿರುಗಬೇಡಿ. ಅಪರಿಚಿತರು ಮಾತಾಡಿಸಬಹುದು ಎಂದಾದರೆ ಹಾಗೆಂದೇ ಹೇಳಿ, ಅದನ್ನು ಬಂದ್ ಮಾಡುವ ಬಗೆಯನ್ನೂ ತೋರಿಸಿ.

ಅವಳ ಭಾಷೆ ಅಂದೆ. ಮೈನ್‌ಕ್ರಾಫ್ಟ್‌ಗೆ ಕನ್ನಡ ಕೊಟ್ಟವರು ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು. ಬೆಂಗಳೂರಿನಲ್ಲೇ ಕೂತು ಆಟ ಮಾಡುವ ಕಂಪನಿಗಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಯಾಕೆ ಭಾರವಾಗುತ್ತದೆ? ನಮ್ಮ ಐದೂ ಊರುಗಳಲ್ಲಿ ಕನ್ನಡದ ಜೊತೆ ದಖನಿ ಉರ್ದು ಇದೆ, ತೆಲಂಗಾಣದ ಗಡಿಗೆ ಹತ್ತಿದ ಸೇಡಂ, ಚಿಂಚೋಳಿಗಳಲ್ಲಿ ತೆಲುಗು ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ. ಇಷ್ಟೂ ಭಾಷೆಯಲ್ಲಿ ಮಾತಾಡಬಲ್ಲವರು ನೀವು. ನಿಮ್ಮ ಕಂಪನಿಗೆ ಬೇರೆಲ್ಲೂ ಸಿಗದ ಬಂಡವಾಳ ಅದು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತಿಗೆ ಬರುತ್ತೇನೆ. ಆನಿಮೇಶನ್, ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲೇ ನೀತಿ ಮಾಡಿದ ರಾಜ್ಯ ನಮ್ಮದು. 2024ರಿಂದ 2029ರವರೆಗಿನ ಹೊಸ ನೀತಿಯಲ್ಲಿ ಎಕ್ಸ್‌ಆರ್ ಕೂಡ ಸೇರಿದೆ. ಆ ನೀತಿ ಹೊರಬಂದಾಗ ಅದಕ್ಕೆ ಸಂಬಂಧಪಟ್ಟ ಖಾತೆಯ ಸಚಿವರಾಗಿದ್ದವರು ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ. ಅದೇ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಸನ್ನತಿ ಇದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ದೊಡ್ಡ ಸ್ತೂಪವೇ ಹೊರಬಂತು, ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿದ ಅವನದೇ ಶಿಲ್ಪದ ಸಮೇತ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಮಾನ್ಯಖೇಟದ ಕೋಟೆ ಉಳಿದಿದೆ. ಸಿಮೆಂಟ್ ಲಾರಿಗಳ ದೂಳಿನ ನಡುವೆ ಅದನ್ನು ದಾಟಿ ಹೋಗುವವರೇ ಹೆಚ್ಚು.

ಸನ್ನತಿ, ಮಳಖೇಡ ಈ ಎರಡರಲ್ಲಿ ಒಂದನ್ನು ವರ್ಚುವಲ್ ಲೋಕವಾಗಿ ಕಟ್ಟಿ. ದಾರಿ ಹೊಸದೇನಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಹಂಪಿ ಯೋಜನೆಯಲ್ಲಿ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನವರೂ ಕೆಲಸ ಮಾಡಿದ್ದಾರೆ. ನಮ್ಮ ಕಲಬುರಗಿ ಜಿಲ್ಲೆಯ ಹುಡುಗರಿಗೆ ಆಗದ್ದೇನಿದೆ?

ಕಟ್ಟಿದ ಮೇಲೆ ಪ್ರಚಾರದಲ್ಲಿ ಎಡವದಿರಿ. ರಾಷ್ಟ್ರಕೂಟರ ರಾಜಧಾನಿ ಎಂದ ಕೂಡಲೇ ಚಿನ್ನದ ಕಂಬ, ಆನೆಯ ಸಾಲು, ಸಿನಿಮಾದ ಸೆಟ್ಟಿನಂಥ ಅರಮನೆ ಎಬ್ಬಿಸಿ, "ನಮ್ಮ ಮಾನ್ಯಖೇಟ ಹೀಗಿತ್ತು" ಎನ್ನುವ ಆಸೆ ಬರುತ್ತದೆ. ಹೀಗಿತ್ತು ಎಂದು ಯಾರೂ ನೋಡಿಲ್ಲ. ನೆಲದಲ್ಲಿ ಸಿಕ್ಕದ್ದನ್ನು ಒಂದು ಬಣ್ಣದಲ್ಲಿ, ನೀವು ಊಹಿಸಿದ್ದನ್ನು ಇನ್ನೊಂದು ಬಣ್ಣದಲ್ಲಿ ತೋರಿಸಿ, ಜಾಹೀರಾತಿನಲ್ಲೂ ಅದನ್ನೇ ಹೇಳಿ. ಶಾಲೆಯ ಮಕ್ಕಳು ಅದನ್ನೇ ಇತಿಹಾಸವೆಂದು ಕಲಿಯುತ್ತಾರೆ. ತಪ್ಪು ಒಮ್ಮೆ ತಲೆಗೆ ಹೋದರೆ ಅಳಿಸುವುದು ಕಷ್ಟ.

ಮಾನ್ಯಖೇಟದ ಹೆಸರು ಹೊರಲೋಕಕ್ಕೆ ಹೋದದ್ದು ಹೇಗೆಂದು ನಿಮಗೆ ತಿಳಿದಿರಲಿ. ಆಸ್ಥಾನದ ಪ್ರಶಸ್ತಿ ಶಾಸನಗಳು ಅರಬರ ದೇಶಕ್ಕೆ ಮುಟ್ಟಲಿಲ್ಲ. 851ರಲ್ಲಿ ಬರೆದ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಉಳಿದ ವೃತ್ತಾಂತವೊಂದು ಇಲ್ಲಿನ ದೊರೆಯನ್ನು ಬಲ್ಹರಾ ಎಂದು ಕರೆದು, ಬಾಗ್ದಾದಿನ ಖಲೀಫ, ಚೀನಾ ಮತ್ತು ರೂಮಿನ (ಬೈಜಾಂಟಿಯಂ) ದೊರೆಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಮುಂದಿನ ಶತಮಾನದಲ್ಲಿ ಅಲ್ ಮಸೂದಿ ಈ ನಗರವನ್ನು ಮಾನ್ಕೀರ್ ಎಂದು ಹೆಸರಿಸಿದ. ನಮ್ಮ ದೊರೆಯ ಗುಣಗಾನ ಮಾಡಲು ಸಂಬಳ ಪಡೆದವರು ಅವರಲ್ಲ. ಈ ನಾಡಿಗೆ ಬಂದು, ವ್ಯಾಪಾರ ಮಾಡಿ, ಸುಖವಾಗಿ ಮರಳಿದವರ ಬಾಯಿಂದ ಬಾಯಿಗೆ ಹೋದ ಮಾತು ಅದು. ನಿಮ್ಮ ಲೋಕಕ್ಕೂ ಅಂಥವರ ಮಾತೇ ಬೇಕು. ಒಳಗೆ ಬಂದವನು ಸಲೀಸಾಗಿ ಹೊರಗೆ ಹೋಗುವಂತಿದ್ದರೆ ತಾನೇ ಅವನು ಊರಿಗೆ ಹೋಗಿ ಹೇಳುವುದು? ಹೊರಬಾಗಿಲು ಬಚ್ಚಿಟ್ಟ ಲೋಕದ ಬಗ್ಗೆ ಅವನು ಹೇಳುವುದು ಬೇರೆಯೇ ಆಗಿರುತ್ತದೆ.

ಕೊನೆಗೆ ಒಂದು ಬೇಡಿಕೆ. ಕಟ್ಟಿದ ಲೋಕದ ಮೊದಲ ಪ್ರದರ್ಶನವನ್ನು ಬೆಂಗಳೂರಿನ ಸಭಾಂಗಣದಲ್ಲಿ ಮಾಡಬೇಡಿ. ಮಳಖೇಡದ ಸರ್ಕಾರಿ ಶಾಲೆಗೋ ಸನ್ನತಿಯ ದೇವಸ್ಥಾನದ ಅಂಗಳಕ್ಕೋ ಎರಡು ಫೋನು, ಒಂದು ಪ್ರೊಜೆಕ್ಟರ್ ತನ್ನಿ. ಅಲ್ಲಿನ ಹುಡುಗಿಯರು, ಮುದುಕರು, ಕೋಟೆಯೊಳಗೇ ಮನೆ ಮಾಡಿಕೊಂಡವರು ಆಡಲಿ, ನೋಡಲಿ, ತಪ್ಪಿದ್ದಲ್ಲಿ ತಪ್ಪು ಎನ್ನಲಿ. ಅವರು ಆಡಿದ ಮಾತನ್ನೇ ನಿಮ್ಮ ಮೊದಲ ಜಾಹೀರಾತಿನಲ್ಲಿ ಹಾಕಿ.